ಫೋಟೋದೊಳಗಿನ ಸ್ವರವೂ ಅಮಾನತ್ತೇ



ನಮ್ಮ ಮೂಡಿಗೆರೆ ಕಡೆ ಮಳೆಗಾಲ ಕಳೆದ ಮೇಲೆ ಹಲವು ಮನೆಗಳಲ್ಲಿ ಒಂದು ಕೆಲಸ ಕಾದಿರುತ್ತಿತ್ತು. ಕಪಾಟಿನೊಳಗಿನ ಆಲ್ಬಂಗಳನ್ನೂ ಕ್ಯಾಸೆಟ್‌ಗಳನ್ನೂ ಹೊರತೆಗೆದು, ಒಣಬಟ್ಟೆಯಲ್ಲಿ ಬೂಷ್ಟು ಒರೆಸಿಡುವ ಕೆಲಸ. ಗಲ್ಫಿಗೆ ಹೋದವರು ಆಗ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಕಾಗದ ಓದಲು ಬಾರದ ತಾಯಂದಿರಿಗೆ ಅದೇ ಪತ್ರ. ಮಗನ ಮುಖ ಒಂದು ಲಕೋಟೆಯಲ್ಲಿ, ಮಗನ ಸ್ವರ ಇನ್ನೊಂದು ಡಬ್ಬಿಯಲ್ಲಿ. ಎಷ್ಟೋ ಮನೆಗಳಲ್ಲಿ ಫೋಟೋ ಉಳಿಯಿತು, ಕ್ಯಾಸೆಟ್ಟನ್ನು ಬೂಷ್ಟು ತಿಂದಿತು.

ಈಗ ಮುಖವೂ ಸ್ವರವೂ ಒಂದೇ ಫೋಟೋದಲ್ಲಿ ಕೂಡಿ ಬರುತ್ತವೆ. ಅದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದರಿಂದ ಕೆಲವರು ಕಳೆದುಕೊಳ್ಳುತ್ತಾರೆ, ಕೆಲವರು ಸಿಕ್ಕಿಬೀಳುತ್ತಾರೆ. ಎರಡನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ.

ಮದ್ರಸದಲ್ಲಿ ನನ್ನ ಬಳಿ ಕಲಿತ ಹುಡುಗನೊಬ್ಬ ಈಗ ಎಸ್ಟೇಟಿನಲ್ಲಿ ರೈಟರ್. ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಬರುವಾಗ ಫೋನ್ ಹಿಡಿದು ನಿಂತಿದ್ದ. “ಉಸ್ತಾದ್, ಈ ಫೋಟೋದಲ್ಲಿ ಉಮ್ಮನ ಮಾತಿತ್ತು. ಈಗ ಕೇಳಿಸ್ತಾ ಇಲ್ಲ” ಎಂದ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ತಾಯಿ ನಿಂತಿರುವ ಚಿತ್ರ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಚಿತ್ರ ತೆಗೆದ ಹಳೆಯ ಫೋನಿನಲ್ಲಿ ಸ್ವರ ಕೇಳುತ್ತಿತ್ತಂತೆ. ಆ ಫೋನ್ ಸತ್ತುಹೋಗಿತ್ತು. ದಮಾಮಿನಲ್ಲಿರುವ ಅಣ್ಣನಿಗೂ, ಅಕ್ಕಂದಿರಿಗೂ ಅದೇ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಎಲ್ಲರ ಬಳಿಯೂ ಉಮ್ಮ ಇದ್ದಾರೆ, ಯಾರ ಬಳಿಯೂ ಮಾತಿಲ್ಲ.

“ಹಳೆಯ ಫೋನಿನ ಮೆಮೊರಿ ಕಾರ್ಡ್ ಎಲ್ಲಿದೆ?” ಎಂದು ಕೇಳಿದೆ. ಮನೆಗೆ ಓಡಿದವನು ಬೀರುವಿನ ಮೂಲೆಯಿಂದ ಅದನ್ನು ಹುಡುಕಿ ತಂದ. ಕಂಪ್ಯೂಟರ್ ಕಲಿತ ನನ್ನ ಅಕ್ಕನ ಮಗ ಅದನ್ನು ತೆರೆದು ನೋಡಿ, ಮೊದಲು ಒಂದು ಸಂಗತಿ ತೋರಿಸಿದ. ವಾಟ್ಸ್‌ಆ್ಯಪ್‌ನ ಪ್ರತಿಗಿಂತ ಕಾರ್ಡಿನಲ್ಲಿದ್ದ ಮೂಲ ಚಿತ್ರ ಎಷ್ಟೋ ಪಟ್ಟು ಭಾರವಾಗಿತ್ತು. “ಮಾಮ, ಚಿತ್ರದ ಹಿಂದೆ ಇನ್ನೇನೋ ಇದೆ” ಎಂದ. ಸ್ವಲ್ಪ ಹೊತ್ತಿನಲ್ಲಿ ಅದನ್ನು ಬೇರ್ಪಡಿಸಿ ಕೇಳಿಸಿದ. ಗಾಳಿಯ ಸದ್ದು, ಆಮೇಲೆ ಆ ತಾಯಿಯ ಸ್ವರ: ಚಪ್ಪಲಿ ಹಾಕಿಕೊಂಡು ಕಣಕ್ಕೆ ಇಳಿಯಬೇಡ, ಚಾ ಆರುತ್ತಾ ಇದೆ. ಕೊನೆಯಲ್ಲಿ ಒಂದು ನಗು. ಅಷ್ಟೇ. ಹುಡುಗ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ.

ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಹಳೆಯ ಕಾಗದಗಳನ್ನು ನೆನಪಿಸಿಕೊಳ್ಳಿ. ಎಲ್ಲ ಬರೆದು ‘ವಸ್ಸಲಾಂ’ ಎಂದು ಸಹಿ ಹಾಕಿದ ಮೇಲೂ ಕೆಳಗೆ ಜಾಗವಿದ್ದರೆ ಎರಡು ಸಾಲು ಸೇರಿಸುತ್ತಿದ್ದೆವಲ್ಲವೇ? ಫೋಟೋದ ಫೈಲಿನಲ್ಲೂ ಹಾಗೆಯೇ. ಜೆಪೆಗ್ ಎಂಬ ಬಗೆಯ ಚಿತ್ರಕ್ಕೆ ಆರಂಭದ ಒಂದು ಗುರುತು, ಮುಕ್ತಾಯದ ಒಂದು ಗುರುತು ಇರುತ್ತದೆ. ಚಿತ್ರ ತೋರಿಸುವ ತಂತ್ರಾಂಶ ಮುಕ್ತಾಯದ ಗುರುತು ಬಂದೊಡನೆ ಓದುವುದನ್ನು ನಿಲ್ಲಿಸುತ್ತದೆ. ಅದರ ಬಾಲಕ್ಕೆ ಧ್ವನಿಯನ್ನೋ ವಿಡಿಯೋವನ್ನೋ ಕಟ್ಟಿಟ್ಟರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಬಾಲವನ್ನು ಓದಬಲ್ಲ ಫೋನ್ ಮಾತ್ರ ಅದನ್ನು ಕೇಳಿಸುತ್ತದೆ. ಉಳಿದ ಫೋನ್‌ಗಳಿಗೆ ಅದು ಬರೀ ಚಿತ್ರ.

ಈ ಯೋಚನೆ ಹೊಸದೇನಲ್ಲ. ಡಿಜಿಟಲ್ ಕ್ಯಾಮೆರಾಗಳಿಗಾಗಿ 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಮಾನದಂಡದಲ್ಲಿ ಚಿತ್ರದ ಜತೆಗೆ ಧ್ವನಿಗೂ ಜಾಗವಿದೆ. ಅಲ್ಲಿ ಧ್ವನಿ ಬೇರೆ ಫೈಲಾಗಿರುತ್ತದೆ. 2000ರ ದಶಕದ ಕ್ಯಾನನ್ ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಕ್ಕೆ ಒಂದು ನಿಮಿಷದವರೆಗೆ ಮಾತು ಸೇರಿಸಬಹುದಿತ್ತು. ಅದು ಚಿತ್ರದ ಹೆಸರಿನಲ್ಲೇ ಇನ್ನೊಂದು ಫೈಲಾಗಿ ಕುಳಿತಿರುತ್ತಿತ್ತು. ಸ್ಟುಡಿಯೋದಲ್ಲಿ ಚಿತ್ರಗಳನ್ನಷ್ಟೇ ಸಿಡಿಗೆ ಹಾಕಿಸಿಕೊಂಡವರು ಸ್ವರವನ್ನು ಅಲ್ಲೇ ಬಿಟ್ಟುಬಂದರು. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನ್ ‘ಸೌಂಡ್ ಆ್ಯಂಡ್ ಶಾಟ್’ ಎಂಬ ಸೌಲಭ್ಯದೊಡನೆ ಬಂತು. ಒಂಬತ್ತು ಸೆಕೆಂಡಿನವರೆಗೆ ಧ್ವನಿಯನ್ನು ಅದು ಚಿತ್ರದೊಳಗೇ ಇಡುತ್ತಿತ್ತು. 2015ರ ಐಫೋನ್ 6ಎಸ್‌ನಿಂದ ‘ಲೈವ್ ಫೋಟೋ’ ಆರಂಭವಾಯಿತು. ಗುಂಡಿ ಒತ್ತುವ ಮೊದಲಿನ ಒಂದೂವರೆ ಸೆಕೆಂಡ್, ಒತ್ತಿದ ನಂತರದ ಒಂದೂವರೆ ಸೆಕೆಂಡ್, ಸದ್ದು ಸಮೇತ. ಈಗ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ‘ಮೋಷನ್ ಫೋಟೋ’ ಇದೆ, ಹಲವುಗಳಲ್ಲಿ ಸದ್ದೂ ಸೇರಿರುತ್ತದೆ.

ಗುಂಡಿ ಒತ್ತುವ ಮೊದಲಿನದ್ದು ಎಂಬ ಮಾತನ್ನು ಇನ್ನೊಮ್ಮೆ ಓದಿ. ನನ್ನ ತಪ್ಪು ಅಲ್ಲೇ ಇದೆ.

ಒಂದು ಈದ್ ದಿನ ಮನೆಯಲ್ಲಿ ಸುಪ್ರ ಹಾಸಿ ಎಲ್ಲರೂ ಕುಳಿತಿದ್ದಾಗ ನಾನೇ ಫೋಟೋ ತೆಗೆದೆ. ಸ್ಪಷ್ಟವಾಗಿರಲಿ ಎಂದು ಕುಟುಂಬದ ಗುಂಪಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದೆ. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೆಯೇ ಹೋಗುತ್ತದೆ, ಬಾಲವೂ ಸೇರಿ. ಆ ಮೂರು ಸೆಕೆಂಡಿನೊಳಗೆ, ಮುರಿದುಬಿದ್ದ ಒಂದು ಮದುವೆ ಮಾತುಕತೆಯ ಬಗ್ಗೆ ನಮ್ಮ ಮನೆಯವರಾಡಿದ ಅರ್ಧ ವಾಕ್ಯವಿತ್ತು. ಅದಕ್ಕೆ ಹೂಂಗುಟ್ಟಿದ ನನ್ನ ಸ್ವರವೂ ಇತ್ತು. ವಾರದ ನಂತರ ಆ ಹುಡುಗಿಯ ತಂದೆ ದಾರಿಯಲ್ಲಿ ಸಿಕ್ಕಿ, “ಉಸ್ತಾದರ ಮನೆಯಲ್ಲೂ ನಮ್ಮ ಮಗಳ ಮಾತೇ?” ಎಂದಷ್ಟೇ ಕೇಳಿದರು. ಗೀಬತ್ತಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುವವನು ನಾನು. ಅಂದು ಮಗ್ರಿಬ್ ಕಳೆದು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು ಎಂಬುದು ನನಗೆ ಹೊರಬರುವಾಗ ತಿಳಿಯಿತು.

ಇಲ್ಲಿ ಫೋನಿನ ದೋಷವೇನೂ ಇಲ್ಲ. ಫೋನ್ ತೋರಿಸಿಕೊಟ್ಟದ್ದು ನಮ್ಮ ನಾಲಿಗೆಯ ದೋಷವನ್ನು. ಆಡಿದ ಪ್ರತಿ ಮಾತನ್ನೂ ದಾಖಲಿಸುವ ಮಲಕ್‌ಗಳ ವಿಷಯ ಸೂರಃ ಖಾಫ್‌ನ 18ನೇ ಆಯತ್ತಿನಲ್ಲಿದೆ. ಸೂರಃ ಹುಜುರಾತ್‌ನ 12ನೇ ಆಯತ್ ಇತರರ ಗುಟ್ಟು ಕೆದಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ತಡೆಯುತ್ತದೆ. ಕೂಟದಲ್ಲಿ ಆಡಿದ ಮಾತು ಅಮಾನತ್ತು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆದ್ದರಿಂದ ಇನ್ನೊಬ್ಬರ ಫೋಟೋದಲ್ಲಿ ಅಚಾನಕ್ಕಾಗಿ ಮಾತು ಕೇಳಿಸಿದರೆ ಅದನ್ನು ಹಂಚುವುದಲ್ಲ, ಕಳಿಸಿದವರಿಗೆ ಗುಟ್ಟಾಗಿ ತಿಳಿಸುವುದು ನಮ್ಮ ಕರ್ತವ್ಯ.

ಫೋಟೋದೊಳಗೆ ಅಡಗುವುದು ಸ್ವರವೊಂದೇ ಅಲ್ಲ, ತೆಗೆದ ಸ್ಥಳವೂ ಇರಬಹುದು. 2012ರ ಡಿಸೆಂಬರಿನಲ್ಲಿ ಬೆಲೀಝ್ ದೇಶದ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಎಂಬ ಸಿರಿವಂತ ಗ್ವಾಟೆಮಾಲಾದಲ್ಲಿರುವುದು ಜಗತ್ತಿಗೆ ಗೊತ್ತಾದದ್ದು, ಪತ್ರಿಕೆಯವರು ಪ್ರಕಟಿಸಿದ ಫೋಟೋದಲ್ಲಿದ್ದ ಸ್ಥಳದ ವಿವರದಿಂದ. ಕಂಪ್ಯೂಟರ್ ವೈರಸ್ ತಡೆಯುವ ತಂತ್ರಾಂಶ ಮಾಡಿ ಹೆಸರಾದ ವ್ಯಕ್ತಿಯ ಕಥೆಯೇ ಹೀಗೆ!

ಹಾಗಾದರೆ ನಾವೇನು ಮಾಡಬೇಕು?

ನಿಮ್ಮ ಕ್ಯಾಮೆರಾದಲ್ಲಿ ಮೋಷನ್ ಅಥವಾ ಲೈವ್ ಎಂಬ ಗುರುತು ಇದೆಯೇ ನೋಡಿ. ಬೇಡವಾದಾಗ ಆರಿಸಿಡಿ. ಹೆಂಗಸರು, ಮಕ್ಕಳು ಕುಳಿತ ಮನೆಯೊಳಗಿನ ಚಿತ್ರ ಕಳಿಸುವ ಮೊದಲು ಒಮ್ಮೆ ಒತ್ತಿಹಿಡಿದು, ಸದ್ದು ಬರುತ್ತದೆಯೇ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಸಾಧಾರಣ ಫೋಟೋವಾಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವಾಗ ಬಾಲ ಸಾಮಾನ್ಯವಾಗಿ ಉದುರಿಹೋಗುತ್ತದೆ. ಆದರೆ ಅದನ್ನೇ ನಂಬಬೇಡಿ. ಚಲಿಸುವ ಚಿತ್ರವನ್ನು ಸದ್ದು ಸಹಿತ ಕಳಿಸುವ ಸೌಲಭ್ಯಗಳೂ ಬರುತ್ತಿವೆ.

ಇನ್ನು, ಹಿರಿಯರ ಸ್ವರವಿರುವ ಚಿತ್ರ ನಿಮ್ಮಲ್ಲಿದ್ದರೆ ಹಳೆಯ ಫೋನನ್ನು ಗುಜರಿಗೆ ಕೊಡುವ ಮೊದಲೇ ಎಚ್ಚರವಾಗಿ. ಮೂಲ ಫೈಲನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ನಕಲು ಮಾಡಿ. ಐಫೋನಿನಲ್ಲಿ ಲೈವ್ ಫೋಟೋವನ್ನು ವಿಡಿಯೋವಾಗಿ ಉಳಿಸಬಹುದು. ಗೂಗಲ್ ಫೋಟೋಸ್‌ನಲ್ಲೂ ಮೋಷನ್ ಫೋಟೋವನ್ನು ವಿಡಿಯೋವಾಗಿ ಹೊರತೆಗೆಯುವ ಸೌಲಭ್ಯವಿದೆ. ಸ್ಯಾಮ್‌ಸಂಗ್‌ನ ಹಳೆಯ ಧ್ವನಿಚಿತ್ರಗಳಿಂದ ಸ್ವರ ಬೇರ್ಪಡಿಸಲು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ಕಂಪ್ಯೂಟರ್ ಬಲ್ಲ ನಿಮ್ಮ ಮನೆಯ ಮಕ್ಕಳಿಗೆ ಹೆಸರು ಹೇಳಿದರೆ ಸಾಕು. ಹೊರತೆಗೆದ ಧ್ವನಿಗೆ ಚಿತ್ರದ ಹೆಸರನ್ನೇ ಇಟ್ಟು, ಎರಡು ಕಡೆ ಉಳಿಸಿಡಿ.

ಆ ರೈಟರ್ ಹುಡುಗ ಉಮ್ಮನ ಸ್ವರವನ್ನು ದಮಾಮಿಗೆ ಕಳಿಸಿದ. ಅಣ್ಣ ಪದೇ ಪದೇ ಕೇಳಿ ಅಳುತ್ತಿದ್ದಾನೆ, ಏನು ಹೇಳಲಿ ಉಸ್ತಾದ್ ಎಂದು ಮರುದಿನ ಬಂದ. ಅಳುವುದನ್ನು ತಡೆಯಬೇಡ ಎಂದೆ. ಮನುಷ್ಯ ಸತ್ತ ಮೇಲೂ ಅವನಿಗೆ ತಲುಪುವ ಮೂರು ವಿಷಯಗಳನ್ನು ಪ್ರವಾದಿ(ಸ)ರು ತಿಳಿಸಿದ್ದಾರೆ: ನಿಲ್ಲದೆ ಹರಿಯುವ ದಾನ, ಪ್ರಯೋಜನಕರ ಇಲ್ಮ್, ದುಆ ಮಾಡುವ ಸ್ವಾಲಿಹಾದ ಸಂತಾನ. ಉಮ್ಮನ ಸ್ವರ ನಮ್ಮ ಕಿವಿಗೆ ಬಂತು, ನಮ್ಮ ಸ್ವರ ಉಮ್ಮನಿಗೆ ತಲುಪಬೇಕಾದರೆ ದಾರಿ ದುಆ ಒಂದೇ. ಪ್ರತಿ ಸಲ ಕೇಳಿದಾಗಲೂ ಒಂದು ದುಆ ಮಾಡಲಿ ಎಂದೆ.

ನಿಮ್ಮ ಉಮ್ಮ, ಬಾಪ ಬದುಕಿದ್ದರೆ ಯಾವ ಫೈಲನ್ನೂ ಹುಡುಕುವ ಅಗತ್ಯವಿಲ್ಲ. ಈ ಪತ್ರಿಕೆಯನ್ನು ಮಡಚಿಟ್ಟು, ಅವರ ಪಕ್ಕ ಹೋಗಿ ಕುಳಿತುಕೊಳ್ಳಿ. ಚಾ ಆರುವ ಮೊದಲು.

ವಸ್ಸಲಾಂ.