ಹದಿನೇಳೆಂಟ್ಲೆ ಎಷ್ಟು?

ರೋಣ, ನರಗುಂದ, ಗಜೇಂದ್ರಗಡದ ಕನ್ನಡ ಶಾಲೆಗಳಿಂದ ಬಂದ ನಮಗೆಲ್ಲ ಇದು ಗೊತ್ತಿರೋದೇ. ಲ್ಯಾಬಿನಲ್ಲಿ ಸರ್ ‘ಸೆವೆಂಟೀನ್ ಏಯ್ಟ್ಸ್?’ ಅಂದ ಕೂಡಲೇ ಒಳಗೆ ‘ಹದಿನೇಳೆಂಟ್ಲೆ ನೂರಾ ಮೂವತ್ತಾರು’ ಅಂತ ಬಂದಿರ್ತೈತಿ. ಅದನ್ನು ಇಂಗ್ಲಿಷಿಗೆ ತಿರುಗಿಸೋದ್ರಾಗ ಇನ್ನೊಬ್ಬ ಹೇಳಿಬಿಟ್ಟಿರ್ತಾನ. ಆ ಒಂದು ಸೆಕೆಂಡನ್ನು ದಡ್ಡತನ ಅಂತ ಲೆಕ್ಕ ಹಿಡಿಯೋದು ಅನ್ಯಾಯ. ನಾವೂ ಅದನ್ನೇ ನಂಬಿ ಎರಡು ಸೆಮಿಸ್ಟರ್ ಬಾಯಿ ಮುಚ್ಚಿಕೊಂಡು ಕೂತೆವಲ್ಲ, ಅದು ಇನ್ನೂ ದೊಡ್ಡ ತಪ್ಪು.

12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. (ನಮ್ಮ ಸಿಲಬಸ್‌ನಲ್ಲಿ ಇಲ್ಲ, ಬಿಡ್ರಿ.) ಕನ್ನಡದಾಗ ಲೆಕ್ಕ ಮಾಡಾಕ ನಾಚಿಕೆ ಯಾಕ?

ಆದರೆ ನಮ್ಮ ಮಗ್ಗಿಗೂ ಒಂದು ಕುಂದಿದೆ. ರಾಗ ಹಾಕಿ ಕಲಿತವರಿಗೆ ನಡುವಿನದು ಕೇಳಿದರೆ ಹದಿನೇಳೊಂದ್ಲೆಯಿಂದ ಶುರು ಮಾಡಬೇಕು. ಹತ್ತು ಹದಿನೇಳು 170, ಅದರಾಗ ಎರಡು ಹದಿನೇಳು ಅಂದರೆ 34 ಕಳೆದರೆ 136. ಇದು ನಮಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ. ಕ್ಯಾಲ್ಕುಲೇಟರ್‌ನಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿ 1360 ಬಂದಾಗ ‘ಏ, ತಡಿ’ ಅನ್ನಿಸೋದು ಈ ಅಂದಾಜಿನಿಂದಲೇ.

ಈ ಸಲ ರಜೆಗೆ ಊರಿಗೆ ಹೋದಾಗ ತಮ್ಮ ತಂಗಿಯರಿಗೆ 17ರ ಮಗ್ಗಿ ಕೆಳಗಿಂದ ಮೇಲಕ್ಕೆ ಕೇಳೋಣ. ವೈವಾದಾಗ ಉತ್ತರ ಮೊದಲು ಕನ್ನಡದಾಗ ಹೇಳಿಬಿಡೋಣ, ಇಂಗ್ಲಿಷು ಹಿಂದಿಂದ ಬರ್ಲಿ.