ಮಾವು ಯಾರಿಗೆ, ಬೇವು ಯಾರಿಗೆ?

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ಕುಂದಗೋಳವನ್ನು ದಾಟಿದ ಬಳಿಕ ಸಿಗುವ ಊರು ಸಂಶಿ. ಸುತ್ತಲೂ ಎರೆಭೂಮಿ, ಮಳೆ ಬಿದ್ದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟುವ ಸೀಮೆ. ಈ ಕಡೆಯ ಊರುಗಳಲ್ಲಿ ಹುತುತು ಆಟಕ್ಕೆ ಹುಡುಗರು ಎರಡು ಪಕ್ಷವಾಗುವ ಕ್ರಮವನ್ನು, ಅಲ್ಲಿ ಬಾಲ್ಯವನ್ನು ಕಳೆದ ವಾಚಕರು ಮರೆತಿರಲಾರರು. ಇಬ್ಬರು ನಾಯಕರು ಒಂದೆಡೆ ನಿಲ್ಲುತ್ತಾರೆ. ಉಳಿದವರು ತಮ್ಮ ತಮ್ಮ ಸರಿಜೋಡಿಯನ್ನು ಹುಡುಕಿಕೊಂಡು, ಹೆಗಲ ಮೇಲೆ ಕೈ ಹಾಕಿ ದೂರ ಹೋಗಿ, ಗುಟ್ಟಾಗಿ ಒಬ್ಬ ಮಾವಾಗಿ, ಇನ್ನೊಬ್ಬ ಬೇವಾಗಿ ಮರಳಿ ಬರುತ್ತಾರೆ. “ಮಾವು ಯಾರಿಗೆ, ಬೇವು ಯಾರಿಗೆ?” ನಾಯಕ ತನ್ನ ಸರದಿ ಬಂದಾಗ ಒಂದು ಹೆಸರನ್ನು ಕೂಗಬೇಕು. ಯಾವ ಹೆಸರಿನ ಹಿಂದೆ ಯಾವ ಹುಡುಗನಿದ್ದಾನೆ ಎಂಬುದು ಅವನಿಗೆ ತಿಳಿಯದು. ಜೋಡಿ ಸಿಗದೆ ಉಳಿದ ಪುಟ್ಟ ಬಾಲಕನು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಯಾವ ಪಂಡಿತನೂ ಕುಳಿತು ಬರೆಯದ ಈ ನಿಯಮದಲ್ಲಿ ಎಷ್ಟು ವಿವೇಕವಿದೆ! ಬಲವನ್ನು ತೂಗುವವರು ಹುಡುಗರೇ. ಆರಿಸುವವನಿಗೆ ಕಣ್ಣು ಕಟ್ಟಿದೆ. ತನ್ನನ್ನು ಬೇಡವೆಂದು ಬಿಟ್ಟರೆಂಬ ಸಂಕಟ ಯಾರಿಗೂ ಇಲ್ಲ.

ಇದೇ ಪ್ರಶ್ನೆ ದೊಡ್ಡವರ ಹಣದಾಟದಲ್ಲಿ ಎದುರಾದಾಗ ಅಮೆರಿಕೆಯವರು ಬೇರೊಂದು ಉಪಾಯವನ್ನು ಹೂಡಿದರು. ಫಿಲಡೆಲ್ಫಿಯಾದ ಫುಟ್‌ಬಾಲ್ ತಂಡದ ಒಡೆಯ ಬರ್ಟ್ ಬೆಲ್ ಎಂಬಾತ, ಸೋತು ಸೋತು ಬೇಸತ್ತು, 1935ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟ. ಕಾಲೇಜಿನಿಂದ ಹೊರಬರುವ ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಕಟ್ಟಕಡೆಯಲ್ಲಿ ನಿಂತ ತಂಡಕ್ಕೆ ಮೊದಲ ಸರದಿ ಸಲ್ಲಬೇಕು. 1936ರಲ್ಲಿ ಮೊದಲ ಆಯ್ಕೆ ನಡೆಯಿತು. ಬೆಲ್‌ನ ತಂಡವೇ ಎಲ್ಲರಿಗಿಂತ ಮೊದಲು ಜೇ ಬರ್ವ್ಯಾಂಗರ್ ಎಂಬ ತರುಣನನ್ನು ಆರಿಸಿತು. ವಿಧಿಯ ಹಾಸ್ಯ ನೋಡಿ: ಆ ಪುಣ್ಯಾತ್ಮ ವೃತ್ತಿಯಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಕ್ರಿಕೆಟ್ಟಿನ ದಾಯಾದಿಯಾದ ಬೇಸ್‌ಬಾಲ್ ಆಟಕ್ಕೆ ಈ ‘ಡ್ರಾಫ್ಟ್’ ಪದ್ಧತಿ ಬಂದದ್ದು 1965ರಲ್ಲಿ.

ಮೈದಾನದ ಆಟ ಹೀಗಿರಲು, ಮೇಜಿನ ಮೇಲೆ ಆಡುವವರದು ಇನ್ನೊಂದು ಲೋಕ. ನಮ್ಮ ಮಕ್ಕಳು ತರಗತಿಯ ಹಿಂಬೆಂಚಿನಲ್ಲಿ ಪುಸ್ತಕದ ಕ್ರಿಕೆಟ್ ಆಡುವುದುಂಟು. ಪುಟ ತೆರೆದಾಗ ಸಂಖ್ಯೆಯ ಕೊನೆಯ ಅಂಕೆ ನಾಲ್ಕಾದರೆ ನಾಲ್ಕು ರನ್ನು, ಸೊನ್ನೆಯಾದರೆ ಔಟು. ಸೊಗಸಾದ ಆಟವೇ, ಆದರೆ ಪುಸ್ತಕಕ್ಕೆ ಆಟಗಾರನ ಗುರುತಿಲ್ಲ. ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ಟು ಪಡೆದು ಕೇವಲ 167 ರನ್ನು ಗಳಿಸಿದ ಚಂದ್ರಶೇಖರರೂ, 6080 ರನ್ನು ಗಳಿಸಿದ ವಿಶ್ವನಾಥರೂ ಅದರ ಪಾಲಿಗೆ ಸಮಾನ ಬ್ಯಾಟುಗಾರರು! 1961ರಲ್ಲಿ ಹಾಲ್ ರಿಚ್‌ಮನ್ ಎಂಬಾತ ಮಾರಾಟಕ್ಕಿಟ್ಟ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಬೇಸ್‌ಬಾಲ್ ಆಟದಲ್ಲಿ ಈ ಕೊರತೆ ಇಲ್ಲ. ಪ್ರತಿಯೊಬ್ಬ ಆಟಗಾರನಿಗೂ ಒಂದು ಚೀಟಿ. ಅವನು ಆ ವರ್ಷ ನಿಜವಾಗಿ ಆಡಿದ ಅಂಕಿಅಂಶಗಳಿಂದಲೇ ಅದನ್ನು ಕಟ್ಟಿರುತ್ತಾರೆ. ದಾಳ ಉರುಳಿಸಿದರೆ ಫಲ ಚೀಟಿಯಲ್ಲಿದೆ. ಮುಂದೆ ಕಂಪ್ಯೂಟರು ಬಂದು ದಾಳದ ಕೆಲಸವನ್ನು ತಾನೇ ವಹಿಸಿಕೊಂಡಿತು.

ಇಂಥ ಆಟದ ರಸಿಕರು ಕೂಟ ಕಟ್ಟಿ ಹಳೆಯ ಕಾಲವನ್ನೇ ಮತ್ತೆ ಆಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತಂಡ. 1914ರಿಂದ ಆರಂಭವೆನ್ನಿ, ಆ ವರ್ಷ ನಿಜಜೀವನದಲ್ಲಿ ಮೊದಲು ಕಾಲಿಟ್ಟ ಹೊಸಬರೆಲ್ಲ ಆಯ್ಕೆಗೆ ಬರುತ್ತಾರೆ. ಮರುವರ್ಷದ ಆಟಕ್ಕೆ 1915ರ ಹೊಸಬರು. ಕಷ್ಟವಿರುವುದು ಇಲ್ಲಿಯೇ. 1914ರಲ್ಲಿ ಬೇಬ್ ರೂತ್ ಬಾಸ್ಟನ್ನಿಗೆ ಬಂದಾಗ ಅವನು ಚೆಂಡೆಸೆಯುವ ಹುಡುಗ. ಮುಂದೆ ಅವನೇ ಬ್ಯಾಟಿನಿಂದ ದೇಶವನ್ನು ಬೆರಗುಗೊಳಿಸುವನೆಂದು ಆಗ ಬಲ್ಲವರಾರು? ಇಂದು ಮೇಜಿನ ಸುತ್ತ ಕುಳಿತವರೆಲ್ಲರೂ ಬಲ್ಲರು! 1988ರಲ್ಲಿ ಮೈಕ್ ಪಿಯಾಜಾ 62ನೆಯ ಸುತ್ತಿನಲ್ಲಿ, 1390ನೆಯವನಾಗಿ, ತಂದೆಯ ಸ್ನೇಹಿತರ ದಾಕ್ಷಿಣ್ಯದಿಂದ ಆಯ್ಕೆಯಾದ. ಮೇಜಿನ ಕೂಟದಲ್ಲಿ ಅವನು ಮೊದಲ ಸುತ್ತಿನಲ್ಲಿಯೇ ಹೋಗುತ್ತಾನೆ. ಭವಿಷ್ಯ ತಿಳಿದವನು ಆರಿಸುವಾಗ ಅದು ಆಯ್ಕೆಯಾಗಿ ಉಳಿಯದು, ಬರಿಯ ವಸೂಲಿಯಾಗುತ್ತದೆ.

ಆದ್ದರಿಂದ ಆಯ್ಕೆಯನ್ನು ನಡೆಸುವ ಕಾರ್ಯದರ್ಶಿಯ ಹೊಣೆ ಚಿಕ್ಕದಲ್ಲ. ಸರದಿಯನ್ನು ಗೊತ್ತುಮಾಡಬೇಕು, ಒಬ್ಬೊಬ್ಬರಿಗೆ ಇಷ್ಟೇ ನಿಮಿಷವೆಂದು ಗಡಿಯಾರವಿಡಬೇಕು, ಬರಲಾಗದವರಿಂದ ಮೊದಲೇ ಪಟ್ಟಿ ಬರೆಯಿಸಿಕೊಳ್ಳಬೇಕು. ಕೊನೆಯವನಿಗೆ ಮೊದಲ ಸರದಿಯೆಂಬುದು ಧರ್ಮವೇ ಸರಿ. ಆದರೆ ಆ ಲೋಭಕ್ಕೆ ಬೇಕೆಂದೇ ಸೋಲುವವರೂ ಇದ್ದಾರೆ. ಅಮೆರಿಕೆಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಇದಕ್ಕಾಗಿಯೇ 1985ರಲ್ಲಿ ಚೀಟಿ ಎತ್ತುವ ಪದ್ಧತಿಗೆ ಮೊರೆಹೋಯಿತು. ಎಲ್ಲ ತಂಡಗಳೂ ಹೊಸದಾಗಿದ್ದರೆ ಹಾವಿನಂತೆ ಹೊರಳುವ ಸರದಿ ಲೇಸು: ಮೊದಲ ಸುತ್ತಿನ ಕೊನೆಯವನೇ ಎರಡನೆಯ ಸುತ್ತಿಗೆ ಮೊದಲಿಗ.

ಭವಿಷ್ಯಜ್ಞಾನದ ದೋಷಕ್ಕೆ ಮಾತ್ರ ಔಷಧ ಎರಡೇ. ಹೊಸಬನು ಮುಂದೆ ಏನಾದನೋ ಅದನ್ನು ಬದಿಗಿಟ್ಟು, ಅವನ ಏಳುಬೀಳನ್ನು ವರ್ಷ ವರ್ಷವೂ ದಾಳಕ್ಕೇ ಒಪ್ಪಿಸುವುದು ಒಂದು. ಇನ್ನೊಂದು ಸಂಶಿಯ ಹುಡುಗರ ಉಪಾಯ: ಹೆಸರನ್ನು ಮುಚ್ಚಿಬಿಡುವುದು. ಮೊದಲ ವರ್ಷದ ಅಂಕೆಗಳನ್ನಷ್ಟೇ ಕೊಟ್ಟು, ಹೆಸರಿನ ಜಾಗದಲ್ಲಿ ಮಾವು, ಬೇವು, ಹುಣಿಸೆ ಎಂದು ಬರೆದರಾಯಿತು. ಎರಡನೆಯದೇ ಉತ್ತಮ, ಏಕೆಂದರೆ ಆಗ ಮೇಜಿನ ಸುತ್ತ ಕುಳಿತವನೂ ನಿಜವಾದ ಆಯ್ಕೆಗಾರನ ಕುರುಡನ್ನು ಅನುಭವಿಸುತ್ತಾನೆ.

ಕರ್ನಾಟಕದ ಆಟಗಾರರನ್ನೇ ಇಟ್ಟುಕೊಂಡು ಮಳೆಗಾಲದ ಒಂದು ಸಂಜೆ ಮನೆಯಲ್ಲಿ ಇದನ್ನು ಪ್ರಯೋಗಿಸಬಹುದು. ‘ಮಾವು’ ಎಂಬವನ ಮೊದಲ ಟೆಸ್ಟ್ ಪಂದ್ಯದ ಮೊದಲ ಸರದಿ: ಸೊನ್ನೆ. ಅಷ್ಟನ್ನೇ ನೋಡಿದವನು ಕೈಬಿಡುತ್ತಾನೆ; ಎರಡನೆಯ ಸರದಿಯ 137ನ್ನೂ ತೋರಿಸಿದರೆ ಕೈ ಚಾಚುತ್ತಾನೆ. ಅದು 1969ರ ಕಾನ್ಪುರದ ಪಂದ್ಯ, ಆತ ವಿಶ್ವನಾಥ್. ‘ಬೇವು’ ಎಂಬವನ ವಿವರಣೆಯಲ್ಲಿ, ಎಳವೆಯಲ್ಲಿ ಪೋಲಿಯೋ ತಗುಲಿ ಬಲಗೈ ಸೊರಗಿದೆ, ಆ ಕೈಯಿಂದಲೇ ಚೆಂಡೆಸೆಯುತ್ತಾನೆ ಎಂದು ಬರೆಯಿರಿ. ಚಂದ್ರಶೇಖರರನ್ನು ಯಾರು ಮೊದಲ ಸುತ್ತಿನಲ್ಲಿ ಆರಿಸುತ್ತಾರೋ ನೋಡೋಣ.

ನಿಜವಾದ ಜಗಳ ಹುಟ್ಟುವುದು ಪ್ರಸನ್ನರ ವಿಷಯದಲ್ಲಿ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಅವರ ಮೊದಲ ಟೆಸ್ಟ್. ಅದೇ ವರ್ಷ ವೆಸ್ಟ್ ಇಂಡೀಸಿಗೆ ಪ್ರಯಾಣ. ಅನಂತರ ಇಂಜಿನಿಯರಿಂಗ್ ವಿದ್ಯಾಭ್ಯಾಸವನ್ನು ಮುಗಿಸಲು ಹೋದವರು ಟೆಸ್ಟ್ ತಂಡಕ್ಕೆ ಮರಳಿದ್ದು 1967ರಲ್ಲಿ. ಅವರನ್ನು ಆರಿಸಿಕೊಂಡ ಮನೆಯವನು ಐದು ವರ್ಷ ಖಾಲಿ ಚೀಟಿ ಹಿಡಿದು ಕೂರಬೇಕೆ? ಕೈಬಿಟ್ಟರೆ, ಮರಳುವಾಗ ಮತ್ತೆ ಆಯ್ಕೆಗೆ ಬರಬೇಕೆ? ‘ಬಿಟ್ಟವನಿಗೆ ಹಕ್ಕಿಲ್ಲ, ಕಾದವನಿಗೆ ಫಲ’ ಎಂಬ ನಿಯಮವೇ ನ್ಯಾಯವೆನ್ನಬೇಕು. ಕಾದವನಿಗೆ ಕೊನೆಗೆ ದೊರೆಯುವುದು 189 ಟೆಸ್ಟ್ ವಿಕೆಟ್ಟು. ಆದರೆ ಈ ನಿಯಮವನ್ನು ಮೊದಲ ಹೆಸರು ಕೂಗುವ ಮುನ್ನವೇ ಬರೆದಿಡಬೇಕು. ಜಗಳ ಎದ್ದ ಮೇಲೆ ಬರೆದ ನಿಯಮವನ್ನು ಮನೆಯ ಮಕ್ಕಳೂ ಒಪ್ಪುವುದಿಲ್ಲ.

ಕೊನೆಯ ಸುತ್ತುಗಳಲ್ಲಿ ಎಲ್ಲರೂ ಆಕಳಿಸುತ್ತಾರೆ. ಸುನೀಲ ಜೋಶಿಯವರ ಚೀಟಿ ಉಳಿದಿರುವುದು ಆಗಲೇ. ಗದುಗಿನ ಹುಡುಗ, ಅಭ್ಯಾಸಕ್ಕೆಂದು ಬೆಳಗಾಗುತ್ತಲೇ ಹುಬ್ಬಳ್ಳಿಗೆ ಹೋಗಿ, ಶಾಲೆಯ ವೇಳೆಗೆ ತಿರುಗಿ ಬರುತ್ತಿದ್ದರೆಂದು ಹೇಳುತ್ತಾರೆ. ಸುಮಾರು 60 ಕಿಲೋಮೀಟರಿನ ಹಾದಿ, ನಡುವೆ ಅಣ್ಣಿಗೇರಿ. 1996ರಲ್ಲಿ ಮೊದಲ ಟೆಸ್ಟ್. ಒಟ್ಟು ಆಡಿದ್ದು 15. ವರ್ಷದ ಸರಾಸರಿಯಿಂದ ಕಟ್ಟಿದ ಚೀಟಿಯಲ್ಲಿ 1999ರ ಸೆಪ್ಟೆಂಬರಿನ ನೈರೋಬಿ ಕಾಣುವುದೇ ಇಲ್ಲ. ಅಂದು ದಕ್ಷಿಣ ಆಫ್ರಿಕೆಯ ಎದುರು ಅವರು ಎಸೆದ 10 ಓವರುಗಳಲ್ಲಿ 6 ಮೇಡನ್, ಕೊಟ್ಟ ರನ್ನು 6, ಪಡೆದ ವಿಕೆಟ್ಟು 5. ಧಾರವಾಡ ಸೀಮೆಯವರು ಯಾರಾದರೂ ಕೂಟದಲ್ಲಿದ್ದು, ಮುಚ್ಚಿದ ಹೆಸರನ್ನು ಹೇಗೋ ಊಹಿಸಿ, ಎರಡನೆಯ ಸುತ್ತಿನಲ್ಲಿಯೇ ಆ ಚೀಟಿಯನ್ನು ಕೇಳಿದರೆ, ಕಾರ್ಯದರ್ಶಿಯು ನಗದೆ ವಹಿಯಲ್ಲಿ ಬರೆದುಕೊಂಡು ಮುಂದಿನವರ ಸರದಿಯನ್ನು ಕೂಗತಕ್ಕದ್ದು.