ಹೊಸ ಬ್ಲೇಡು ಎಲ್ಲರಿಗೂ ಬೇಕು

ಮುದಗಲ್‌ನಲ್ಲಿ ಕ್ಷೌರ ನನ್ನ ಕಸುಬು. ಲಗ್ನದ ದಿನಗಳಲ್ಲಿ ಬೆಂಚಿನ ತುಂಬ ಜನ ಕಾಯುತ್ತಿದ್ದರೂ ಗಿರಾಕಿಯ ಕಣ್ಣೆದುರಿಗೇ ಬ್ಲೇಡಿನ ಕಾಗದ ಬಿಚ್ಚಿ, ನಡುವೆ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತೇನೆ. ದಾಡಿ ಮುಗಿದ ಮೇಲೆ ಆ ಅರ್ಧ ಡಬ್ಬಿಗೆ. ಆದರೂ ಕೆಲವರು ಕಿವಿಯಲ್ಲಿ ಉಸುರುತ್ತಾರೆ: 'ಅವಂಗ ಆ ಬ್ಯಾನಿ ಐತಂತಣ್ಣ, ಒಳಗ ಕರಕೋಬ್ಯಾಡ.'

ಎಚ್‌ಐವಿ ಬಗೆಗಿನ ಇಂಥ ಹೆದರಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು 2018ರಲ್ಲಿ ನವಲಗುಂದ ತಾಲ್ಲೂಕಿನ ಮೊರಬದಲ್ಲಿ ನೋಡಿದೆವು. ಎಚ್‌ಐವಿ ಇದ್ದ ಮಹಿಳೆಯ ಶವ ಕೆರೆಯಲ್ಲಿ ಸಿಕ್ಕಿತೆಂದು ಊರವರು ಪಟ್ಟು ಹಿಡಿದು, ಕುಡಿಯುವ ನೀರಿನ ಕೆರೆಯನ್ನೇ ಖಾಲಿ ಮಾಡಿಸಿದರು. ನೀರಿನಿಂದ ಎಚ್‌ಐವಿ ಹರಡುವುದೇ ಇಲ್ಲ. ಅದೇ ವರ್ಷ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಹತ್ತಾರು ಜನರಿಗೆ ಸೋಂಕು ಪತ್ತೆಯಾಯಿತು. ನಕಲಿ ವೈದ್ಯನೊಬ್ಬ ಒಂದೇ ಸಿರಿಂಜನ್ನು ಹಲವರಿಗೆ ಚುಚ್ಚಿದ ಆರೋಪ ಅಲ್ಲಿ ಕೇಳಿಬಂತು. ನಾವು ಹೆದರಬೇಕಾದದ್ದು ಇದಕ್ಕೆ.

ಟೊಳ್ಳು ಸೂಜಿಯೊಳಗೆ ರಕ್ತ ಉಳಿಯುತ್ತದೆ. ಸೋಂಕಿನ ರಕ್ತವಿದ್ದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಆಕಸ್ಮಿಕವಾಗಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ 1000ಕ್ಕೆ ಸುಮಾರು 3. ಕ್ಷೌರದ ಬ್ಲೇಡಿನಲ್ಲಿ ಅಪಾಯ ಇನ್ನೂ ಕಡಿಮೆ, ರಕ್ತ ಒಣಗಿದಂತೆ ವೈರಾಣು ಬೇಗ ದುರ್ಬಲವಾಗುತ್ತದೆ. ಹಾಗೆಂದು ಬ್ಲೇಡು ಉಳಿಸುವಂತಿಲ್ಲ. ಹೆಪಟೈಟಿಸ್ ಬಿ ವೈರಾಣು ಮೈಯಿಂದ ಹೊರಗೆ 7 ದಿನವಾದರೂ ಬದುಕಿರಬಲ್ಲದು. ಗಾಯಕ್ಕೆ ತಿಕ್ಕುವ ಪಟಿಕ ರಕ್ತ ನಿಲ್ಲಿಸುತ್ತದೆ, ವೈರಾಣುವನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಒಂದೇ ಪಟಿಕದ ಕಲ್ಲನ್ನು ಎಲ್ಲರ ಗಲ್ಲಕ್ಕೂ ತಿಕ್ಕುವುದು ತಪ್ಪು. ಜವಳದ ಕತ್ತಿಗೂ, ಜಾತ್ರೆಯ ಹಚ್ಚೆ ಸೂಜಿಗೂ, ಕಿವಿ ಚುಚ್ಚುವ ಸೂಜಿಗೂ ನಿಯಮ ಒಂದೇ: ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ.

ಯಾರಿಗೆ ಸೋಂಕಿದೆ ಎಂದು ಮುಖ ನೋಡಿ ಹೇಳಲಾಗದು. ಎಷ್ಟೋ ಜನರಿಗೆ ತಮಗೇ ಗೊತ್ತಿರುವುದಿಲ್ಲ. ಹಾಗಾಗಿ ಒಬ್ಬನನ್ನು ಬಾಗಿಲಲ್ಲೇ ತಡೆದರೆ ಉಳಿದವರಿಗೆ ರಕ್ಷಣೆ ಸಿಗುವುದಿಲ್ಲ, ಎಲ್ಲರಿಗೂ ಬ್ಲೇಡು ಬದಲಿಸಿದರೆ ಸಿಗುತ್ತದೆ. ಎಚ್‌ಐವಿ ಇದೆಯೆಂದು ಅಂಗಡಿಯಲ್ಲಿ ಸೇವೆ ನಿರಾಕರಿಸುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಷೇಧಿಸಿದೆ. ನನ್ನ ಕುರ್ಚಿಯಲ್ಲಿ ಎಲ್ಲರಿಗೂ ಜಾಗವಿದೆ.

ಬಳಸಿದ ಸೂಜಿ ಚುಚ್ಚಿಕೊಂಡವರು ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಗುಳಿಗೆ ಸೋಂಕು ತಡೆಯಬಲ್ಲದು. ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ಕಸುಬಿನ ಬಂಧುಗಳೇ, ಬ್ಲೇಡಿನ ಖರ್ಚು ದಾಡಿಯ ದರದಲ್ಲೇ ಸೇರಲಿ. ಗಿರಾಕಿಗಳೇ, ಬ್ಲೇಡು ಬದಲಿಸಿ ಎನ್ನಲು ಸಂಕೋಚ ಬೇಡ. ಪುರಸಭೆಗೂ ಒಂದು ವಿನಂತಿ: ಹಳೆಯ ಬ್ಲೇಡು ಕಸದ ಚೀಲದಲ್ಲಿ ಬಂದರೆ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಪ್ರತಿ ಸಲೂನಿಗೂ ಮುಚ್ಚಳದ ಗಟ್ಟಿ ಡಬ್ಬಿ ಕೊಡಿ, ವಾರಕ್ಕೊಮ್ಮೆ ಬೇರೆಯಾಗಿ ಒಯ್ಯಿರಿ.